ರಕ್ತನಾಳದ ಗೋಡೆಯೂ ಒಸರುತ್ತದೆ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ನಾನೇ ಬರೆದುಕೊಂಡೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ. ಕರೆಂಟ್ ಹೋದಾಗಿನ ಹರಟೆ ಮಾತ್ರ ಇಲ್ಲಿಲ್ಲ.)

ಎಲ್ಲರಿಗೂ ನಮಸ್ಕಾರ. ಏಳು ಗಂಟೆಗೆ ಇದೇ ಜಾಗದಲ್ಲಿ ತಾಳಮದ್ದಳೆ ಇದೆ. ಭಾಗವತರು ಆಗಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಹಾಗಾಗಿ ಪೀಠಿಕೆ ಬೇಡ.

ಈ ಡಬ್ಬಿ ನೋಡಿ. ಹೆಸರು ಕಾಣದ ಹಾಗೆ ಕಾಗದ ಸುತ್ತಿ ತಂದಿದ್ದೇನೆ. ಇದು ನನ್ನ ಭಾವನದ್ದು. ಅವರಿಗೆ ಹಾರ್ಟ್ ಫೇಲ್ಯೂರ್. ಎರಡು ವರ್ಷದ ಹಿಂದೆ ಮಂಗಳೂರಿಗೆ ಹೋಗಿ ಹೃದಯದ ಅಲ್ಟ್ರಾಸೌಂಡ್, ಅಂದರೆ ಎಕೋ, ಮಾಡಿಸಿದಾಗ ಪಂಪಿಂಗ್ 30 ಅಂತ ಬಂತು. ಐದಾರು ಬಗೆ ಮಾತ್ರೆ ಕೊಟ್ಟರು. ಸುಧಾರಿಸಿಕೊಂಡರು. ಕಳೆದ ಮಳೆಗಾಲದಲ್ಲಿ ಯಾರೋ ಪರಿಚಯದವರು ಮನೆಗೆ ಬಂದು, ‘ನಿಮ್ಮ ಹಾರ್ಟಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಆಗಿದೆ, ಇದನ್ನು ತಗೊಳ್ಳಿ’ ಅಂತ ಈ ಆಂಟಿ ಆಕ್ಸಿಡೆಂಟ್ ಡಬ್ಬಿ ಮಾರಿ ಹೋದರು. ಭಾವ ನನಗೆ ಫೋನ್ ಮಾಡಿದರು. ‘ಸ್ಟ್ರೆಸ್ ಅಂದ್ರೆ ಟೆನ್ಶನ್ ಅಲ್ವಾ? ನನಗೆಂಥ ಟೆನ್ಶನ್ ಮಾರಾಯ? ಅಡಿಕೆಯ ಕೊಳೆರೋಗವೂ ಈ ಸಲ ಕಡಿಮೆ.’

ನಗು ಬಂತು. ಆಮೇಲೆ ನಗು ನಿಂತಿತು. ಯಾಕೆಂದರೆ ಡಬ್ಬಿ ಮಾರಿದವರ ಮಾತಿನಲ್ಲಿ ಅರ್ಧ ನಿಜ. ಹಾರ್ಟ್ ಫೇಲ್ಯೂರ್ ಇದ್ದವರ ಮೈಯಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಇರುವುದು ಹೌದು. ಡಬ್ಬಿಯಿಂದ ಅದು ಹೋಗುತ್ತದೆ ಎನ್ನುವುದು ಸುಳ್ಳು. ಪೂರ್ತಿ ಸುಳ್ಳನ್ನು ಹಿಡಿಯುವುದು ಸುಲಭ, ಅರ್ಧ ನಿಜವನ್ನು ಹಿಡಿಯಲಿಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತು ಹೋಯಿತು ಅಂತ ಅಲ್ಲ. ಮೈಗೆ ಬೇಕಾದಷ್ಟು ರಕ್ತ ತಳ್ಳಲಿಕ್ಕೆ ಅದಕ್ಕೆ ಆಗುತ್ತಿಲ್ಲ, ಅಥವಾ ತಳ್ಳಬೇಕಾದರೆ ಒಳಗೆ ಒತ್ತಡ ಏರುತ್ತದೆ ಅಂತ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲು ಊದುವುದು, ರಾತ್ರಿ ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು. ಭಾವನ ಪಂಪಿಂಗ್ 30 ಅಂತ ಹೇಳಿದೆನಲ್ಲ, ಅದು ನೂರರಲ್ಲಿ ಮೂವತ್ತು ಮಾರ್ಕು ಅಂತ ತಿಳಿದು ಅಕ್ಕ ಅತ್ತಿದ್ದಳು. ನೂರು ಯಾರಿಗೂ ಇರುವುದಿಲ್ಲ. ತುಂಬಿಕೊಂಡ ರಕ್ತದಲ್ಲಿ ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತಕ್ಕೆ 60 ಪರ್ಸೆಂಟಿನ ಆಸುಪಾಸು ಹೊರಗೆ ಹಾಕುತ್ತದೆ, ಅಷ್ಟೇ. ಪಂಪಿಂಗ್ ಸರಿಯಾಗಿದ್ದೂ ಹಾರ್ಟ್ ಫೇಲ್ಯೂರ್ ಆಗುವವರಿದ್ದಾರೆ, ಶುಗರ್, ಬಿ.ಪಿ., ಬೊಜ್ಜು ಮೂರೂ ಸೇರಿದವರಲ್ಲಿ ವಿಶೇಷವಾಗಿ.

ನಮ್ಮೂರಲ್ಲಿ ಎಲ್ಲರಿಗೂ ಪಂಪ್‌ಸೆಟ್ ಗೊತ್ತು. ಹಾಗಾಗಿ ಹೃದಯ ಅಂದರೆ ಪಂಪು, ರಕ್ತನಾಳ ಅಂದರೆ ಪಿ.ವಿ.ಸಿ. ಪೈಪು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಕ್ಲಾಸಿನಲ್ಲಿ ವರ್ಷಗಟ್ಟಲೆ ಹಾಗೇ ಹೇಳಿದ್ದೇನೆ. ಈಗ ಅನಿಸುತ್ತದೆ, ತಪ್ಪು ಹೋಲಿಕೆ ಕೊಟ್ಟೆ ಅಂತ. ಹೇಳಬೇಕಿದ್ದದ್ದು ಸುರಂಗದ ಹೋಲಿಕೆ.

ಕಾಸರಗೋಡಿನ ಹೊರಗಿನವರಿಗೆ ಸುರಂಗ ಅಂದರೆ ರೈಲು ಹೋಗುವ ಜಾಗ. ನಮಗೆ ನೀರು. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ, ಒಬ್ಬ ಬಗ್ಗಿ ಹೋಗುವಷ್ಟು ಗುಹೆ. ಕೆಂಪುಕಲ್ಲಿನ ಗೋಡೆಯಿಂದ ಒಸರು ಬರುತ್ತದೆ, ಪಂಪಿಲ್ಲದೆ ಇಳಿಜಾರಿನಲ್ಲಿ ಹರಿದು ಹೊರಗಿನ ಟ್ಯಾಂಕಿ ತುಂಬುತ್ತದೆ. ಸುರಂಗದ ಬೆಲೆ ಇರುವುದು ಅದರ ತೂತಿನಲ್ಲಿ ಅಲ್ಲ, ಗೋಡೆಯಲ್ಲಿ. ಆ ಗೋಡೆಗೆ ಸಿಮೆಂಟ್ ಗಾರೆ ಬಳಿದರೆ ತೂತು ಹಾಗೇ ಉಳಿಯುತ್ತದೆ, ನೀರು ಇರುವುದಿಲ್ಲ.

ರಕ್ತನಾಳದ ಒಳಗೋಡೆಯೂ ಹಾಗೇ ಒಸರುತ್ತದೆ. ಒಂದೇ ಒಂದು ಜೀವಕೋಶದಷ್ಟು ದಪ್ಪದ ಪೊರೆ ಅದು. ಈರುಳ್ಳಿ ಪದರದ ಒಳಗಿನ ತೆಳು ಪೊರೆಯನ್ನು ಉಗುರಿನಲ್ಲಿ ಎಬ್ಬಿಸುತ್ತೇವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಎಂಡೋಥೀಲಿಯಂ ಅಂತ ಹೆಸರು. ನಾನು ಒಳಪೊರೆ ಅಂತ ಕರೆಯುತ್ತೇನೆ. 1980ರ ತನಕ ಹೆಚ್ಚಿನ ವಿಜ್ಞಾನಿಗಳೂ ಅದನ್ನು ಸುಮ್ನೆ ಒಂದು ಅಸ್ತರಿ ಅಂತಲೇ ತಿಳಿದಿದ್ದರು.

ಅದು ಗೊತ್ತಾದ ಕತೆ ನನಗೆ ತುಂಬ ಇಷ್ಟ. ಸ್ವಲ್ಪ ಉದ್ದ, ಭಾಗವತರು ಕ್ಷಮಿಸಬೇಕು.

ಅಮೆರಿಕದಲ್ಲಿ ರಾಬರ್ಟ್ ಫರ್ಚ್‌ಗಾಟ್ ಅಂತ ಒಬ್ಬರು. ಮೊಲದ ಮಹಾರಕ್ತನಾಳವನ್ನು ಸುರುಳಿಯಾಗಿ ಕತ್ತರಿಸಿ, ಪಟ್ಟಿ ಮಾಡಿ, ಅದಕ್ಕೆ ಒಂದೊಂದು ರಾಸಾಯನಿಕ ಹಾಕಿ ಬಿಗಿಯುತ್ತದಾ ಸಡಿಲುತ್ತದಾ ಅಂತ ನೋಡುವ ಕೆಲಸ. ಅಸಿಟೈಲ್‌ಕೋಲಿನ್ ಎಂಬ ವಸ್ತುವಿನಲ್ಲಿ ಅವರಿಗೆ ಒಂದು ಒಗಟು ಇತ್ತು. ಜೀವಂತ ಪ್ರಾಣಿಗೆ ಕೊಟ್ಟರೆ ರಕ್ತನಾಳ ಸಡಿಲವಾಗುತ್ತದೆ. ಇವರ ಪಟ್ಟಿಗೆ ಹಾಕಿದರೆ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗೇ. 1978ರಲ್ಲಿ ಅವರ ಲ್ಯಾಬಿನ ಸಹಾಯಕ ಹೇಳಿದ ಕ್ರಮ ಬಿಟ್ಟು ಬೇರೆ ರೀತಿ ಮಾಡಿದ. ನಾಳ ಸಡಿಲಾಯಿತು! ಬೇರೆಯವರಾದರೆ ಬೈದು ಪುನಃ ಮಾಡಿಸುತ್ತಿದ್ದರು. ಇವರು ಯಾಕೆ ಹೀಗಾಯಿತು ಅಂತ ಹುಡುಕಿದರು. ಕೊನೆಗೆ ಸಿಕ್ಕಿದ್ದು ಇಷ್ಟು: ಪಟ್ಟಿ ತಯಾರು ಮಾಡುವಾಗ ಒಳಮೈ ಅಲ್ಲಿ ಇಲ್ಲಿ ಉಜ್ಜಿ ಹೋಗುತ್ತಿತ್ತು. ಒಳಪೊರೆ ಕಿತ್ತು ಹೋದ ಪಟ್ಟಿ ಬಿಗಿಯುತ್ತದೆ, ಒಳಪೊರೆ ಉಳಿದದ್ದು ಸಡಿಲುತ್ತದೆ.

ಅಲ್ಲಿಗೂ ಬಿಡಲಿಲ್ಲ. ಪೊರೆ ಕಿತ್ತ ಪಟ್ಟಿಯನ್ನು ಪೊರೆ ಇರುವ ಪಟ್ಟಿಗೆ ಒಳಮೈಗೆ ಒಳಮೈ ತಾಗಿಸಿ, ಬ್ರೆಡ್ ಸ್ಯಾಂಡ್‌ವಿಚ್ ಹಾಗೆ ಇಟ್ಟರು. ಪೊರೆ ಇಲ್ಲದ ಪಟ್ಟಿಯೂ ಸಡಿಲಾಯಿತು. ಅಂದರೆ ಪೊರೆಯಿಂದ ಏನೋ ಒಸರಿ ಪಕ್ಕದ್ದಕ್ಕೆ ತಲುಪಿದೆ. ಆ ‘ಏನೋ’ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಂತ 1987ರ ಹೊತ್ತಿಗೆ ಗಟ್ಟಿಯಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೋ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು.

ಈ ಅನಿಲದ ಆಯುಷ್ಯ ಕೆಲವೇ ಸೆಕೆಂಡು. ಆದರೆ ಅಷ್ಟರಲ್ಲಿ ಪಕ್ಕದ ಸ್ನಾಯುವಿಗೆ ನುಗ್ಗಿ ಅದನ್ನು ಸಡಿಲ ಮಾಡುತ್ತದೆ. ಪೊರೆಯಿಂದ ಇದು ಯಾವಾಗ ಜಾಸ್ತಿ ಒಸರುತ್ತದೆ ಗೊತ್ತಾ? ರಕ್ತ ಜೋರಾಗಿ ಹರಿದು ಪೊರೆಯನ್ನು ಸವರಿಕೊಂಡು ಹೋದಾಗ. ನೀವು ತೋಟಕ್ಕೆ ಹೊರಟರೆ ಕಾಲಿನ ನಾಳದಲ್ಲಿ ಹರಿವು ಏರುತ್ತದೆ, ಪೊರೆ ಒಸರುತ್ತದೆ, ನಾಳ ಅಗಲವಾಗುತ್ತದೆ, ಇನ್ನೂ ಹರಿವು ಸಿಗುತ್ತದೆ. ಇದನ್ನು ಅಳೆಯಲಿಕ್ಕೆ 1992ರಲ್ಲಿ ಒಂದು ಸರಳ ಪರೀಕ್ಷೆ ಬಂತು. ಬಿ.ಪಿ. ನೋಡುವ ಪಟ್ಟಿಯಿಂದ ಕೈಯನ್ನು ಐದು ನಿಮಿಷ ಬಿಗಿದು ಬಿಡುವುದು. ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ. ಆಗ ತೋಳಿನ ನಾಳ ಎಷ್ಟು ಅಗಲವಾಯಿತು ಅಂತ ಅಲ್ಟ್ರಾಸೌಂಡಿನಲ್ಲಿ ನೋಡುವುದು. ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಅದು ಸರಿಯಾಗಿ ಅಗಲವಾಗುವುದಿಲ್ಲ. ಗಮನಿಸಿ, ತೊಂದರೆ ಹೃದಯದ್ದು, ಒಸರು ನಿಂತದ್ದು ತೋಳಿನಲ್ಲಿ.

‘ಹೃದಯದ ಕಾಯಿಲೆಗೆ ಕೈಯ ನಾಳ ಯಾಕೆ ಕೆಡಬೇಕು ಡಾಕ್ಟ್ರೆ?’ ಅಂತ ಮಾಷ್ಟ್ರು ಕೇಳುತ್ತಿದ್ದಾರೆ. ಸರಿಯಾದ ಜಾಗದಲ್ಲೇ ಕೇಳಿದಿರಿ. ಆ ಪ್ರಶ್ನೆಯಿಂದಲೇ ಆಕ್ಸಿಡೇಟಿವ್ ಸ್ಟ್ರೆಸ್ ಶುರುವಾಗುತ್ತದೆ.

ಬಾಳೆದಿಂಡು ಹೆಚ್ಚಿ ಹಾಗೇ ಇಟ್ಟರೆ ಏನಾಗುತ್ತದೆ? ಕಪ್ಪಾಗುತ್ತದೆ. ಅದಕ್ಕೇ ನೀವು ಮಜ್ಜಿಗೆ ನೀರಿಗೆ ಹಾಕುತ್ತೀರಿ, ಅಲ್ವಾ ಅಕ್ಕ? ಕಪ್ಪಾಗುವುದು ಗಾಳಿಯ ಆಕ್ಸಿಜನ್ನಿಂದ. ಕತ್ತಿ ತುಕ್ಕು ಹಿಡಿಯುವುದು, ತೆಂಗಿನೆಣ್ಣೆ ಹಳತಾಗಿ ಕಮಟುವುದು, ಎಲ್ಲ ಅದೇ ಜಾತಿ. ಆಕ್ಸಿಜನ್ ಇಲ್ಲದೆ ನಾವು ಬದುಕುವುದಿಲ್ಲ, ಆದರೆ ಅದರ ಜೊತೆ ಸಂಸಾರ ಮಾಡುವುದು ಸುಲಭ ಅಲ್ಲ. ಮೈಯೊಳಗೆ ಕೆಲವು ಆಕ್ಸಿಜನ್ ಕಣಗಳಿಗೆ ಒಂದು ಎಲೆಕ್ಟ್ರಾನ್ ಜಾಸ್ತಿ ಸೇರಿಬಿಡುತ್ತದೆ. ಅದು ಸೂಪರಾಕ್ಸೈಡ್. ಸಿಕ್ಕಿದ್ದಕ್ಕೆ ಕೈ ಹಾಕುವ ಸ್ವಭಾವ. ಅದನ್ನು ಹಿಡಿದು ತಣ್ಣಗೆ ಮಾಡುವ ಕಿಣ್ವವೂ ಮೈಯಲ್ಲೇ ಇದೆ ಅಂತ 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ತೋರಿಸಿದರು. ಹುಟ್ಟುವುದು ಜಾಸ್ತಿಯಾಗಿ ಹಿಡಿಯುವುದು ಕಡಿಮೆಯಾದರೆ, ಆ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಹೆಸರು. ಟೆನ್ಶನ್ನಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ.

ಈಗ ಮಾಷ್ಟ್ರ ಪ್ರಶ್ನೆ. ಹೃದಯ ಕಡಿಮೆ ರಕ್ತ ತಳ್ಳಿತು ಅಂತ ಇಟ್ಟುಕೊಳ್ಳಿ. ಕಿಡ್ನಿಗೆ ಗಾಬರಿ. ಅದಕ್ಕೆ ಹೃದಯ ಬಡವಾದದ್ದು ಗೊತ್ತಿಲ್ಲ, ಮೈಯಲ್ಲಿ ರಕ್ತವೇ ಕಡಿಮೆಯಾಗಿದೆ, ಎಲ್ಲೋ ಗಾಯವಾಗಿರಬೇಕು ಅಂತ ತಿಳಿಯುತ್ತದೆ. ಉಪ್ಪು ನೀರು ಹಿಡಿದಿಡುತ್ತದೆ. ರೆನಿನ್ ಎಂಬ ಕಿಣ್ವ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಹುಟ್ಟುತ್ತದೆ, ಊರೆಲ್ಲ ಸುತ್ತಿ ನಾಳಗಳನ್ನು ಬಿಗಿಯುತ್ತದೆ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಇದೇ ಆಂಜಿಯೋಟೆನ್ಸಿನ್ ನಾಳದ ಗೋಡೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದರ ಉದ್ಯೋಗವೇ ಸೂಪರಾಕ್ಸೈಡ್ ಮಾಡುವುದು.

ಸೂಪರಾಕ್ಸೈಡಿಗೆ ಎಲ್ಲಕ್ಕಿಂತ ಹತ್ತಿರದ ಬೇಟೆ ನಮ್ಮ ನೈಟ್ರಿಕ್ ಆಕ್ಸೈಡ್. ಎರಡೂ ಎದುರಾದರೆ ಮುಗಿಯಿತು. ಮೈಯಲ್ಲಿ ನಡೆಯುವ ಅತಿ ವೇಗದ ಕೂಡಿಕೆಗಳಲ್ಲಿ ಅದು ಒಂದು. ಹಿಡಿದು ತಣ್ಣಗೆ ಮಾಡುವ ಕಿಣ್ವಕ್ಕೂ ಆ ವೇಗದ ಮುಂದೆ ಕಷ್ಟ. ಒಸರು ಗೋಡೆಯಿಂದ ಹೊರಬೀಳುವ ಮೊದಲೇ ಹೋಯಿತು, ಅದರ ಜಾಗದಲ್ಲಿ ಪೆರಾಕ್ಸಿನೈಟ್ರೈಟ್ ಎಂಬ ಇನ್ನೊಂದು ಉಪದ್ರದ ವಸ್ತು ಹುಟ್ಟಿತು. ಅದು ಮಾಡುವ ಕೆಲಸ ಇನ್ನೂ ಕೆಟ್ಟದ್ದು. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಒಬ್ಬ ಸಹಾಯಕ ಬೇಕು. ಟೆಟ್ರಾಹೈಡ್ರೋಬಯೋಪ್ಟೆರಿನ್ ಅಂತ ಹೆಸರು, ಮರೆತುಬಿಡಿ, ನನ್ನ ವಿದ್ಯಾರ್ಥಿಗಳೂ ಮರೆತಿದ್ದಾರೆ. ಪೆರಾಕ್ಸಿನೈಟ್ರೈಟ್ ಆ ಸಹಾಯಕನನ್ನೇ ಹಾಳು ಮಾಡುತ್ತದೆ. ಆಗ ಒಳ್ಳೆಯ ಅನಿಲ ಮಾಡಬೇಕಾದ ಕಿಣ್ವವೇ ತಿರುಗಿ ನಿಂತು ಸೂಪರಾಕ್ಸೈಡ್ ಮಾಡಲಿಕ್ಕೆ ಶುರು ಮಾಡುತ್ತದೆ. ಬೇಲಿಯೇ ಹೊಲ ಮೇಯ್ದ ಹಾಗೆ.

ನಾಳ ಬಿಗಿದಷ್ಟೂ ಹೃದಯ ಜಾಸ್ತಿ ಒತ್ತಡದ ಎದುರು ತಳ್ಳಬೇಕು. ತಳ್ಳಲಾಗದೆ ಇನ್ನಷ್ಟು ಸೋಲುತ್ತದೆ. ಹರಿವು ನಿಧಾನವಾದರೆ ಪೊರೆಯನ್ನು ಸವರುವುದು ಕಡಿಮೆ, ಒಸರು ಮತ್ತೂ ಕಡಿಮೆ. ಭಾವ ‘ಕಾಲು ಸೋತು ಹೋಗುತ್ತದೆ’ ಅಂತ ಹೇಳುತ್ತಿದ್ದರು, ಅದು ಬರೀ ಹೃದಯದ ದೂರು ಅಲ್ಲ. ಕಾಲಿನ ನಾಳ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳುತ್ತಿಲ್ಲ.

ಹಾಗಾದರೆ ದಿಂಡನ್ನು ಮಜ್ಜಿಗೆಗೆ ಹಾಕಿದ ಹಾಗೆ ಮೈಗೂ ಒಂದು ಮಜ್ಜಿಗೆ ಸಿಕ್ಕಿದರೆ ಆಯಿತಲ್ಲ! ಡಬ್ಬಿಯವರು ಹೇಳುವುದು ಇದನ್ನೇ. ಅವರಿಗಿಂತ ಮೊದಲು ವಿಜ್ಞಾನಿಗಳೂ ಇದನ್ನೇ ಹೇಳಿದ್ದರು. ವಿಟಮಿನ್ ಸಿ ಕೊಟ್ಟು ತೋಳಿನ ನಾಳ ನೋಡಿದರೆ, ಆ ಹೊತ್ತಿಗೆ ಚೆನ್ನಾಗಿ ಅಗಲವಾದದ್ದೂ ಹೌದು. ಎಲ್ಲರಿಗೂ ಆಸೆ ಹುಟ್ಟಿತು. ನನಗೂ ಹುಟ್ಟಿತ್ತು, ಮನೆಯಲ್ಲಿ ವಿಟಮಿನ್ ಇ ಮಾತ್ರೆ ತಂದಿಟ್ಟಿದ್ದೆ.

ಆಮೇಲೆ ದೊಡ್ಡ ಪರೀಕ್ಷೆಗಳು ಬಂದವು. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ಐದು ವರ್ಷ ನಡೆದ ಅಧ್ಯಯನದ ಫಲ 2002ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಾಲೂ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್. ಇನ್ನರ್ಧಕ್ಕೆ ಮದ್ದಿಲ್ಲದ ಮಾತ್ರೆ. ಸಾವಿನಲ್ಲಾಗಲಿ ಹೃದಯಾಘಾತದಲ್ಲಾಗಲಿ ವ್ಯತ್ಯಾಸ ಇಲ್ಲ. 2005ರಲ್ಲಿ ಇನ್ನೊಂದು ಅಧ್ಯಯನದ ಫಲ ಬಂತು. ಅದರಲ್ಲಿ ವರ್ಷಗಟ್ಟಲೆ ವಿಟಮಿನ್ ಇ ನುಂಗಿದವರಿಗೆ ಹಾರ್ಟ್ ಫೇಲ್ಯೂರ್ ಸ್ವಲ್ಪ ಜಾಸ್ತಿಯೇ ಆಗಿತ್ತು. ಆ ದಿನ ನಮ್ಮ ಮನೆಯ ಮಾತ್ರೆ ತೆಂಗಿನ ಬುಡಕ್ಕೆ ಹೋಯಿತು. ಯೂರಿಕ್ ಆಸಿಡಿಗೆ ಕೊಡುವ ಅಲೋಪ್ಯೂರಿನಾಲ್ ಕೂಡ ಸೂಪರಾಕ್ಸೈಡ್ ಮಾಡುವ ಒಂದು ಕಿಣ್ವವನ್ನು ತಡೆಯುತ್ತದೆ. ಚಿಕ್ಕ ಅಧ್ಯಯನಗಳಲ್ಲಿ ನಾಳ ಸುಧಾರಿಸಿತು. 2015ರ ದೊಡ್ಡದರಲ್ಲಿ 24 ವಾರ ಕೊಟ್ಟರೂ ಹಾರ್ಟ್ ಫೇಲ್ಯೂರ್ ರೋಗಿಗಳ ಸ್ಥಿತಿ ಬದಲಾಗಲಿಲ್ಲ.

ಯಾಕೆ ಹೀಗೆ? ಒಂದು, ವೇಗ. ಸೂಪರಾಕ್ಸೈಡ್ ಒಸರನ್ನು ಹಿಡಿಯುವ ವೇಗದ ಮುಂದೆ ನಾವು ನುಂಗಿದ ವಿಟಮಿನ್ ಎತ್ತಿನಗಾಡಿ. ಇನ್ನೊಂದು ಸ್ವಲ್ಪ ಸೂಕ್ಷ್ಮ. ಸೂಪರಾಕ್ಸೈಡ್ ಬರೀ ಕಳ್ಳ ಅಲ್ಲ. ರಕ್ತದ ಬಿಳಿಕಣಗಳು ರೋಗಾಣುಗಳನ್ನು ಕೊಲ್ಲುವುದು ಅದರಿಂದಲೇ. ಬಿಳಿಕಣದಲ್ಲಿ ಸೂಪರಾಕ್ಸೈಡ್ ಮಾಡುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ, ಅವರಿಗೆ ಮತ್ತೆ ಮತ್ತೆ ಸೋಂಕು. ಎಲ್ಲವನ್ನೂ ಒರೆಸಿ ಹಾಕುವುದು ಗೆಲುವಲ್ಲ. ತೋಟದಲ್ಲಿ ನೀರು ನಿಂತರೆ ಚೆಂಬಿನಲ್ಲಿ ಎತ್ತಿ ಹಾಕುತ್ತಾ ಕೂರುತ್ತೇವಾ? ಎಲ್ಲಿಂದ ನುಗ್ಗುತ್ತಿದೆ ಅಂತ ನೋಡಿ ಆ ಕಣಿಗೆ, ಅಂದರೆ ನೀರು ಬರುವ ಕಾಲುವೆಗೆ, ಅಡ್ಡ ಕಟ್ಟುತ್ತೇವೆ.

ಕಣಿ ಕಟ್ಟುವ ಮದ್ದು ಭಾವನ ಕೈಯಲ್ಲಿ ಆಗಲೇ ಇತ್ತು! ಬಿ.ಪಿ. ಮಾತ್ರೆ ಅಂತ ಅವರು ಕರೆಯುವ ಎನಾಲಪ್ರಿಲ್. ಅದು ಆಂಜಿಯೋಟೆನ್ಸಿನ್ ಹುಟ್ಟುವುದನ್ನೇ ತಡೆಯುತ್ತದೆ. ಈ ಜಾತಿಯ ಮದ್ದಿನ ಮೂಲ ಬ್ರೆಜಿಲಿನ ಒಂದು ಮಂಡಲ ಜಾತಿಯ ಹಾವಿನ ವಿಷ. ಸೆರ್ಜಿಯೊ ಫೆರೇರಾ ಎಂಬ ಬ್ರೆಜಿಲಿನವರು 1965ರಲ್ಲಿ ಅದರ ಗುಣ ಕಂಡು ಹಿಡಿದರು, ಅದರ ಬೆನ್ನು ಹಿಡಿದು ಹೋದವರು ಮಾತ್ರೆ ಮಾಡಿದರು. 1987ರಲ್ಲಿ, ತೀರಾ ಹದಗೆಟ್ಟ ಹಾರ್ಟ್ ಫೇಲ್ಯೂರ್ ಇದ್ದ 253 ಜನರಲ್ಲಿ ಎನಾಲಪ್ರಿಲ್ ನೋಡಿದರು. ಆರು ತಿಂಗಳಲ್ಲಿ ಮದ್ದಿಲ್ಲದ ಮಾತ್ರೆ ತಿಂದವರಲ್ಲಿ 44 ಪರ್ಸೆಂಟ್ ತೀರಿಹೋದರು, ಎನಾಲಪ್ರಿಲ್ ತಿಂದವರಲ್ಲಿ 26. ಡಬ್ಬಿ ಬಂದ ಮೇಲೆ ಭಾವ ಮಾತ್ರೆ ಜಾಸ್ತಿ ಆಯಿತು ಅಂತ ಬಿಟ್ಟದ್ದು ಇದನ್ನೇ. ಹದಿನೈದು ದಿನದಲ್ಲಿ ಕಾಲು ಊದಿತು, ರಾತ್ರಿ ಎದ್ದು ಕೂರುವ ಹಾಗಾಯಿತು.

ಇನ್ನೊಂದು ಮದ್ದಿನ ಕತೆ. ಬಂಡೆ ಒಡೆಯಲಿಕ್ಕೆ ಇಡುವುದೂ ಮದ್ದು, ಕಾಯಿಲೆಗೆ ತಿನ್ನುವುದೂ ಮದ್ದು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ನೈಟ್ರೊಗ್ಲಿಸರಿನ್ ನಿಜವಾಗಿಯೂ ಎರಡೂ ಹೌದು. ಅದನ್ನು ಪಳಗಿಸಿ 1867ರಲ್ಲಿ ಡೈನಮೈಟಿನ ಪೇಟೆಂಟ್ ಪಡೆದವರು ಆಲ್ಫ್ರೆಡ್ ನೊಬೆಲ್. ಕೊನೆಗಾಲದಲ್ಲಿ ಅವರ ಹೃದಯದ ತೊಂದರೆಗೆ ಡಾಕ್ಟರು ಬರೆದುಕೊಟ್ಟದ್ದು ಅದನ್ನೇ. ವಿಧಿಯ ಆಟ ನೋಡು ಅಂತ 1896ರ ಅಕ್ಟೋಬರಿನಲ್ಲಿ ಗೆಳೆಯನಿಗೆ ಪತ್ರ ಬರೆದರು, ಡಿಸೆಂಬರಿನಲ್ಲಿ ತೀರಿಕೊಂಡರು. ಅದು ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಬಿಟ್ಟು ಕೆಲಸ ಮಾಡುತ್ತದೆ ಅಂತ ತೋರಿಸಿದ ಮುರಾದರಿಗೆ ನೊಬೆಲರ ದುಡ್ಡಿನಿಂದಲೇ ಬಹುಮಾನ ಹೋಯಿತು.

ಡೈನಮೈಟ್ ಕಾರ್ಖಾನೆಯ ಕೆಲಸಗಾರರಿಗೆ ಸೋಮವಾರ ವಿಪರೀತ ತಲೆನೋವು ಬರುತ್ತಿತ್ತು. ವಾರ ಕಳೆದ ಹಾಗೆ ಹೋಗುತ್ತಿತ್ತು, ಭಾನುವಾರ ರಜೆ ಆಗಿ ಪುನಃ ಸೋಮವಾರ ಬರುತ್ತಿತ್ತು. ಮೈ ಮದ್ದಿಗೆ ಒಗ್ಗಿಕೊಂಡು, ಮದ್ದು ನಾಟದ ಹಾಗಾಗುವುದು ಅದು. ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ಮಾತ್ರೆಯೂ ಅದೇ ಕುಲ. ಇಪ್ಪತ್ನಾಲ್ಕು ಗಂಟೆಯೂ ಮೈಯಲ್ಲಿದ್ದರೆ ನಾಟುವುದಿಲ್ಲ. ಅದಕ್ಕೆ ಒಂದು ಕಾರಣ, ಎಡೆಬಿಡದೆ ಕೊಟ್ಟರೆ ಆ ಮದ್ದೇ ನಾಳದ ಗೋಡೆಯಲ್ಲಿ ಸೂಪರಾಕ್ಸೈಡ್ ಎಬ್ಬಿಸುತ್ತದೆ. ಹಾಗಾಗಿ ದಿನಾ ತಿನ್ನುವವರಿಗೆ ರಾತ್ರಿ ಬಿಡುವು ಸಿಗುವ ಹಾಗೆ ಹೊತ್ತು ಹಾಕಿ ಕೊಡುತ್ತಾರೆ. ನಮ್ಮ ನೆರೆಕರೆಯ ಒಬ್ಬ ಅಜ್ಜಿಗೆ ಹಾಗೇ ಬರೆದಿದ್ದರು. ಚೀಟಿಯ ಒಂದು ಭಾಗ ಮಲಯಾಳ, ಒಂದು ಭಾಗ ಇಂಗ್ಲಿಷ್. ಅಜ್ಜಿಗೆ ಓದಲಿಕ್ಕೆ ಬರುವುದು ಕನ್ನಡ ಮಾತ್ರ. ರಾತ್ರಿಯೂ ಒಂದು ಇರಲಿ ಅಂತ ಮೂರು ತಿಂಗಳು ನುಂಗಿದರು. ಗಡಿಯಲ್ಲಿ ಇರುವವರ ಕಷ್ಟ ಇದು, ಬೈದು ಪ್ರಯೋಜನ ಇಲ್ಲ. ಚೀಟಿ ಸಿಕ್ಕಿದ ದಿನವೇ ಅದರ ಬೆನ್ನಿಗೆ ಕನ್ನಡದಲ್ಲಿ ಹೊತ್ತು ಬರೆಸಿಕೊಳ್ಳಿ.

ಇದೇ ಕುಲದ ಮಾತ್ರೆಯನ್ನು ಹೈಡ್ರಲಜೀನ್ ಎಂಬ ನಾಳ ಸಡಿಲಿಸುವ ಮದ್ದಿನ ಜೊತೆ ಸೇರಿಸಿದರೆ ಚಿತ್ರ ಬೇರೆ. ಹೈಡ್ರಲಜೀನ್ ಆ ಸೂಪರಾಕ್ಸೈಡ್ ಹುಟ್ಟುವ ಜಾಗವನ್ನೇ ಸುಮ್ಮನಾಗಿಸುತ್ತದೆ ಅಂತ ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಅಮೆರಿಕದಲ್ಲಿ 1,050 ಕಪ್ಪು ಜನಾಂಗದ ರೋಗಿಗಳಿಗೆ, ಇದ್ದ ಮದ್ದಿನ ಮೇಲೆ ಈ ಜೋಡಿ ಕೊಟ್ಟಾಗ ಸಾವು 43 ಪರ್ಸೆಂಟ್ ಇಳಿಯಿತು ಅಂತ 2004ರಲ್ಲಿ ವರದಿ ಬಂತು. ಒಂದು ಒಸರು ಕೊಡುತ್ತದೆ, ಇನ್ನೊಂದು ಒಸರನ್ನು ಕಾಯುತ್ತದೆ.

ಹಿಂದಿನಿಂದ ಒಬ್ಬರು ‘ನಡೆಯಬಹುದಾ?’ ಅಂತ ಕೇಳಿದರು. ಹೌದು, ಉಸಿರು ಮತ್ತು ಊತ ಹತೋಟಿಗೆ ಬಂದ ಮೇಲೆ, ಡಾಕ್ಟರನ್ನು ಕೇಳಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಆರು ತಿಂಗಳು ಸೈಕಲ್ ತುಳಿಸಿ ನೋಡಿ, 1998ರಲ್ಲಿ ಬರೆದರು: ನಾಳದ ಒಸರು ಗಣನೀಯವಾಗಿ ವಾಪಸು ಬಂದಿತ್ತು. ಹರಿವು ಸವರಿದರೆ ಪೊರೆ ಒಸರುತ್ತದೆ ಅಂತ ಆಗಲೇ ಹೇಳಿದೆನಲ್ಲ. ಮಾತು ಆಡುತ್ತಾ ನಡೆಯುವಷ್ಟು ವೇಗ ಸಾಕು. ಗುಡ್ಡೆ ಹತ್ತುವ ಸಾಹಸ ಬೇಡ.

ಹೊಗೆಸೊಪ್ಪು ಬಿಡಿ. ಎಲೆ ಅಡಿಕೆ ಜೊತೆ ಹಾಕಿದರೆ ಹೊಗೆ ಇಲ್ಲ, ಹಾಗಾಗಿ ತೊಂದರೆ ಇಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ. ನಿಕೋಟಿನ್ ನಾಳ ಬಿಗಿಯಲಿಕ್ಕೆ ಹೊಗೆಯೇ ಬೇಕಂತ ಇಲ್ಲ. ಉಪ್ಪಿನ ವಿಷಯದಲ್ಲಿ ಹಲಸಿನ ಉಪ್ಪು ಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ ಮೂರೂ ಹಾರ್ಟ್ ಫೇಲ್ಯೂರ್ ಮನೆಗೆ ಶತ್ರು. ಮೊಣಗಂಟು ನೋವಿಗೆ ಅಂಗಡಿಯಿಂದ ಸುಮ್ನೆ ತಂದು ತಿನ್ನುವ ಮಾತ್ರೆಯೂ ಹಾಗೇ, ಅದು ಕಿಡ್ನಿಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ.

ಭಾಗವತರು ಗಡಿಯಾರ ನೋಡಿದರು. ಕೊನೆಯ ಪ್ರಶ್ನೆ ತಗೊಳ್ಳುತ್ತೇನೆ. ‘ಪುನರ್ಪುಳಿ, ಒಂದೆಲಗದ ತಂಬುಳಿ, ಬೊಂಡ (ಎಳನೀರು), ಇದರಲ್ಲೆಲ್ಲ ಆಂಟಿ ಆಕ್ಸಿಡೆಂಟ್ ಇದೆಯಂತೆ. ಡಬ್ಬಿ ಬದಲು ಇದು ಆಗಬಹುದಾ?’

ಪುನರ್ಪುಳಿ, ತಂಬುಳಿ ಊಟ ಅಂತ ಉಣ್ಣಿ, ಮದ್ದು ಅಂತ ಬೇಡ, ಉಪ್ಪು ಕಡಿಮೆ ಹಾಕಿ. ಬೊಂಡದ ವಿಷಯ ಬೇರೆ. ಅದರಲ್ಲಿ ಪೊಟಾಶಿಯಂ ಜಾಸ್ತಿ. ಎನಾಲಪ್ರಿಲ್, ಅಥವಾ ಸ್ಪೈರನೊಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಟ್ ಫೇಲ್ಯೂರ್ ಮಾತ್ರೆ ತಿನ್ನುವವರ ಮೈಯಲ್ಲಿ ಮೊದಲೇ ಪೊಟಾಶಿಯಂ ಏರುವ ಸಂಭವ ಇದೆ. ಅದು ಮಿತಿ ಮೀರಿದರೆ ಹೃದಯದ ತಾಳವೇ ತಪ್ಪುತ್ತದೆ. ರಕ್ತ ಪರೀಕ್ಷೆಯ ಅಂಕಿ ನೋಡಿ ಡಾಕ್ಟರು ಆಗಬಹುದು ಅಂತ ಹೇಳದೆ ದಿನಾಲೂ ಕುಡಿಯಬೇಡಿ.

ಇದನ್ನು ಹೇಳಿದಾಗ ಭಾವನಿಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಯಿತು. ಡಬ್ಬಿ ಬಿಡಲಿಕ್ಕೆ ಎರಡು ನಿಮಿಷ ಹಿಡಿಯಲಿಲ್ಲ. ಹಿತ್ತಿಲಿನ ಕೆಂದಾಳಿ ಬೊಂಡ ಬಿಡಲಿಕ್ಕೆ ಇನ್ನೂ ಚರ್ಚೆ ನಡೆಯುತ್ತಿದೆ.